ಹುಚ್ಚೀರಪ್ಪನ ಅಡ್ಡಿ

ಬೆಟಗೇರಿಯ ಬಸ್ ನಿಲ್ದಾಣದಿಂದ ಎರಡು ಓಣಿ ದಾಟಿದರೆ ಒಂದು ತಗಡಿನ ಬೋರ್ಡು ಕಾಣುತ್ತದೆ. ಹಸಿರು ಬಣ್ಣದ ಮೇಲೆ ಹಳದಿ ಅಕ್ಷರಗಳು: ‘ಮುದಕಪ್ಪ ಮತ್ತು ಮಗ, ಕಟಗಿ ಅಡ್ಡಿ’. ನಾಲ್ಕಕ್ಷರ ಕಲಿತವರು ಅದನ್ನು ನೋಡಿ ನಗದೆ ಮುಂದೆ ಹೋಗುವುದಿಲ್ಲ. ಪುಸ್ತಕದ ಕನ್ನಡದಲ್ಲಿ ಅದು ಕಟ್ಟಿಗೆಯ ಅಡ್ಡೆ, ಅಂದರೆ ಮರದ ದಿಮ್ಮಿಗಳನ್ನು ತಂದು, ಕೊಯ್ದು, ಮಾರುವ ಜಾಗ. ಆದರೆ ನಮ್ಮ ಬಾಯಲ್ಲಿ ಮನೆ ಮನಿಯಾಗುತ್ತದೆ, ಶಾಲೆ ಶಾಲಿಯಾಗುತ್ತದೆ, ಅಡ್ಡೆ ಅಡ್ಡಿಯಾಗುತ್ತದೆ. ಅಡ್ಡಿ ಎಂದರೆ ತಡೆ, ತಕರಾರು ಎನ್ನುವುದೂ ನಮಗೆ ಗೊತ್ತು. ಗೊತ್ತಿದ್ದರೂ ಇಷ್ಟು ವರ್ಷ ಯಾರಿಗೂ ಅದರಿಂದ ಗೊಂದಲವಾಗಿರಲಿಲ್ಲ.

ಬೋರ್ಡು ಏರಿಸಿದ ದಿನವೇ ಪಕ್ಕದ ಶಾಲೆಯ ಮಾಸ್ತರರೊಬ್ಬರು ಬಂದು ಮುದಕಪ್ಪನಿಗೆ ತಿಳಿಹೇಳಿದ್ದರು. “ಮುದಕಪ್ಪಾ, ಅಡ್ಡಿ ಅಂದ್ರ ವಿಘ್ನ. ವ್ಯಾಪಾರದ ಬೋರ್ಡಿನ ಮ್ಯಾಲ ವಿಘ್ನ ಅಂತ ಬರಸ್ಯಾರೇನು? ತಿದ್ದಸು.”

“ಅಡ್ಡಿಗೆ ಬರಾವ ಓದಕೊಂತ ಬರೂದಿಲ್ರಿ ಮಾಸ್ತರ, ಕೇಳಕೊಂತ ಬರತಾನ,” ಎಂದ ಮುದಕಪ್ಪ. “ಮಂದಿ ಬಾಯಾಗ ಹೆಂಗೈತಿ, ಬೋರ್ಡಿನ್ಯಾಗೂ ಹಂಗ ಇರಲಿ.”

ಮುದಕಪ್ಪ ತೀರಿಹೋದ. ಬಣ್ಣ ಮಾಸಿದಾಗಲೆಲ್ಲ ಮಗ ಹುಚ್ಚೀರಪ್ಪ ಅದೇ ಅಕ್ಷರಗಳ ಮೇಲೆ ಹೊಸ ಬಣ್ಣ ಹೊಡೆಸಿದ. ಈಗ ಅವನು ಈ ಭಾಗದ ಶಾಸಕ. ಗೆದ್ದ ಮಾರನೆಯ ದಿನದಿಂದ ಊರೆಲ್ಲ ‘ಹುಚ್ಚೀರಪ್ಪನವರು’ ಎನ್ನತೊಡಗಿದೆ. ನಾವು ಹಳೆಯದನ್ನೇ ಇಟ್ಟುಕೊಳ್ಳೋಣ. ಅವನಿಗೂ ಅದೇ ಹಿತ.

ಮುದಕಪ್ಪನ ಕಾಲದಲ್ಲಿ ಕಟ್ಟಿಗೆ ಚಕ್ಕಡಿಯಲ್ಲಿ ಬರುತ್ತಿತ್ತು. ಮುಂಡಗೋಡದ ಕಡೆಯಿಂದ ಸಾಗವಾನಿ, ಮತ್ತಿ ಹೇರಿಕೊಂಡು ಲಕ್ಷ್ಮೇಶ್ವರಕ್ಕೆ ಬಂದು, ಶಿರಹಟ್ಟಿ ದಾಟಿ, ಸೊರಟೂರಿನ ಹುಣಸೆ ಮರಗಳ ಸಾಲಿನಲ್ಲಿ ಎತ್ತು ಬಿಚ್ಚಿ, ತಂಪು ಹೊತ್ತಿಗೆ ಮತ್ತೆ ಹೂಡುತ್ತಿದ್ದ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಡ್ಡೆಗೆ ಬಂದ ಹುಚ್ಚೀರಪ್ಪ ಕಟ್ಟಿಗೆ ನೋಡುವುದನ್ನು ಕಲಿತ. ಅಪ್ಪ ಮಾತಿನಲ್ಲಿ ಹೇಳಿಕೊಡಲಿಲ್ಲ. ದಿಮ್ಮಿಯ ಮುಂದೆ ನಿಲ್ಲಿಸಿ, ಹೆಂಗೈತಿ ಎಂದು ಕೇಳುತ್ತಿದ್ದ, ತಪ್ಪು ಹೇಳಿದರೆ ಸುಮ್ಮನೆ ಮುಂದಿನ ದಿಮ್ಮಿಗೆ ಹೋಗುತ್ತಿದ್ದ. ಹತ್ತು ವರ್ಷದಲ್ಲಿ ಹುಚ್ಚೀರಪ್ಪನ ಬಾಯಲ್ಲಿ ಮೂರೇ ಮಾತು ಉಳಿದವು. ಕಟ್ಟಿಗೆ ಅಪ್ಪಟವಾಗಿದ್ದರೆ ‘ಚಲೋ ಐತಿ’. ಕೆಲಸಕ್ಕೆ ಬಾರದ್ದಾದರೆ ಮಾತೇ ಇಲ್ಲ, ಮುಖ ತಿರುಗಿಸಿಬಿಡುವುದು. ಎರಡರ ನಡುವಿನದಕ್ಕೆಲ್ಲ ‘ಅಡ್ಡಿ ಇಲ್ಲ’. ತೀರಾ ಹೊಗಳಿಕೆಯಲ್ಲ, ತೆಗಳಿಕೆಯೂ ಅಲ್ಲ. ನಡೆಯುತ್ತದೆ, ಆದರೆ ಇನ್ನೊಮ್ಮೆ ನೋಡಬೇಕು ಎನ್ನುವ ಅರ್ಥ. ಮೂರನೆಯ ಮಾತು ‘ಆತು’. ಅದನ್ನು ವ್ಯಾಪಾರ ಮುಗಿದ ಮೇಲೆ ಅನ್ನುವುದು. ಅಡ್ಡೆಯಲ್ಲಿ ಒಮ್ಮೆ ಆತು ಎಂದರೆ ಆಕಾಶ ಕಳಚಿ ಬಿದ್ದರೂ ಆತು.

ಲಕ್ಷ್ಮೇಶ್ವರಕ್ಕೆ ಕನ್ಯೆ ನೋಡಲು ಹೋದಾಗಲೂ ಅವನು ಈ ಮೂರು ಮಾತಿನ ಹೊರಗೆ ಕಾಲಿಡಲಿಲ್ಲ. ಅವಲಕ್ಕಿ ತಿಂದು ಹೊರಗೆ ಬಂದ ಮೇಲೆ ಸೋದರಮಾವ ಹುಡುಗಿ ಹೆಂಗದಾಳೋ ಎಂದು ಕೇಳಿದ. “ಅಡ್ಡಿ ಇಲ್ಲ,” ಎಂದ ಹುಚ್ಚೀರಪ್ಪ. ಕಿಟಕಿಯ ಹಿಂದೆ ನಿಂತಿದ್ದ ಸುಮಿತ್ರವ್ವನ ಕಿವಿಗೆ ಅದು ಬಿತ್ತು. ಮೂವತ್ತೈದು ವರ್ಷವಾದರೂ ಆಕೆ ಅದನ್ನು ಮರೆತಿಲ್ಲ.

“ಮಂದಿ ತಮ್ಮ ಹೆಂಡ್ತೀನ್ನ ಚಂದ ಅಂತಾರ, ಚಲೋ ಅಂತಾರ. ನೀವು ಕಟಗಿ ನೋಡಿದಂಗ ನೋಡಿ ಅಡ್ಡಿ ಇಲ್ಲ ಅಂದ್ರಿ,” ಎಂದು ಹಬ್ಬಕ್ಕೊಮ್ಮೆಯಾದರೂ ತೆಗೆಯುತ್ತಾಳೆ.

“ಅಲ್ಲ, ಅದು ಒಳ್ಳೇ ಮಾತ ಐತಿ,” ಎಂದು ಅವನು ಪ್ರತಿ ಸಲ ಅದನ್ನೇ ಹೇಳುತ್ತಾನೆ. ಪ್ರತಿ ಸಲವೂ ಆಕೆ ಒಳಗೆ ಹೋಗುತ್ತಾಳೆ.

ಇಂಥವನು ರಾಜಕೀಯಕ್ಕೆ ಬಂದದ್ದು ಹೇಗೆ ಎಂದು ಕೇಳಿದರೆ ಅವನೇ ಬೆಪ್ಪಾಗಿ ನಿಮ್ಮ ಮುಖ ನೋಡುತ್ತಾನೆ. ಆಗಿದ್ದಿಷ್ಟು. ಪಕ್ಷದಲ್ಲಿ ಎರಡು ಗುಂಪು. ಒಂದು ಗುಂಪಿನ ಹೆಸರು ಇನ್ನೊಂದಕ್ಕೆ ಆಗುವುದಿಲ್ಲ. ಬೆಂಗಳೂರಿನಿಂದ ಬಂದ ಹಿರಿಯರು ಮೂರು ದಿನ ಗದಗಿನಲ್ಲಿ ಕುಳಿತು ಸುಸ್ತಾಗಿ, ಇಬ್ಬರಿಗೂ ಬೇಡವಾಗದ ಒಬ್ಬ ಮನುಷ್ಯನ ಹೆಸರು ಹೇಳಿ ಎಂದರಂತೆ. ಎರಡೂ ಗುಂಪಿನ ಮುಖಂಡರು ಬಹಳ ಹೊತ್ತು ಯೋಚಿಸಿದರು. ಇಬ್ಬರ ಮನೆಯ ಬಾಗಿಲು ಚೌಕಟ್ಟೂ ಬೆಟಗೇರಿಯ ಹುಚ್ಚೀರಪ್ಪನ ಅಡ್ಡೆಯದು. ಹದಿನೆಂಟು ಮಳೆಗಾಲ ಕಳೆದರೂ ಎರಡೂ ಮನೆಯ ಬಾಗಿಲು ಡೊಂಕಾಗಿರಲಿಲ್ಲ. ಇಬ್ಬರೂ ಒಪ್ಪಿಕೊಂಡ ಒಂದೇ ಸಂಗತಿ ಅದಾಗಿತ್ತು.

ಪ್ರವಾಸಿ ಮಂದಿರಕ್ಕೆ ಬರಬೇಕು ಎಂದು ಕರೆ ಬಂದಾಗ ಹುಚ್ಚೀರಪ್ಪ ಅಳತೆಯ ಟೇಪು ಹಿಡಿದು, ಕಿವಿಗೊಂದು ಪೆನ್ಸಿಲು ಸಿಕ್ಕಿಸಿಕೊಂಡು ಹೋದ. ಒಳಗೆ ಇಪ್ಪತ್ತು ಜನ. ಎಲ್ಲರೂ ಎದ್ದು ನಿಂತರು.

“ಎಷ್ಟು ಬಾಗಲಾ ರೀ?” ಎಂದ ಇವನು.

“ಬಾಗಲಾ ಅಲ್ರಿ ಸಾವ್ಕಾರ್ರ, ಕ್ಷೇತ್ರ,” ಎಂದರು.

ಮನೆಗೆ ಬರುವಷ್ಟರಲ್ಲಿ ಕೊರಳಲ್ಲಿ ಹಾರವಿತ್ತು, ಕಿವಿಯಲ್ಲಿ ಪೆನ್ಸಿಲು ಹಾಗೇ ಇತ್ತು. ಸುಮಿತ್ರವ್ವ ನೋಡಿ ಕಂಗಾಲಾದಳು. ಅಡ್ಡೆಯಲ್ಲಿ ಮೂವತ್ತು ವರ್ಷದಿಂದ ಗರಗಸದ ಯಂತ್ರ ನೋಡಿಕೊಳ್ಳುವ ಮೊಹಸಿನ ಮಾತ್ರ ನಕ್ಕ. “ಬ್ಯಾಡ ಅನ್ನಬೇಕಿತ್ತಲ್ರಿ, ಸಾವ್ಕಾರ್ರ?”

“ಬ್ಯಾಡ ಅನ್ನಾಕ ಏನ್ ಕೇಳ್ಯಾರಂತ ಮೊದಲು ತಿಳೀಬೇಕಲ್ಲೋ, ಮೊಹಸಿನಾ.”

ಪ್ರಚಾರಕ್ಕೆ ಹೋದಲ್ಲೆಲ್ಲ ಜನ ಅವನ ಭಾಷಣ ಕೇಳಲಿಲ್ಲ, ಬಾಗಿಲು ತೋರಿಸಿದರು. ಕಳಸಾಪುರದಲ್ಲಿ ಒಬ್ಬರು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಹೊಸ್ತಿಲು ತೋರಿಸಿ, ನಿಮ್ಮಪ್ಪನ ಕೈಯಿಂದು ಎಂದರು. ಮುಂಡರಗಿಯಲ್ಲಿ ಒಂದು ಮನೆಯವರು ಕದ ಸರಿಯಾಗಿ ಮುಚ್ಚುತ್ತಿಲ್ಲವೆಂದು ತಕರಾರು ಮಾಡಿದರು. ಅಭ್ಯರ್ಥಿಯೇ ಕೊರಳಿನ ಹಾರ ತೆಗೆದಿಟ್ಟು ಬಿಜಾಗರಿಯ ಕೀಲು ಸರಿಮಾಡಿ ಕೊಟ್ಟ. ಸಿಂಗಟಾಲೂರಿನಲ್ಲಿ ಹೊಳೆ ನೀರು ಹೊಲಕ್ಕೆ ಯಾವಾಗ ಬರುತ್ತದೆ ಎಂದು ಕೇಳಿದರು. ಅವನು ತಿಳಕೊಂಡು ಹೇಳತೀನಿ ಎಂದ. ಹಾಗೆ ಹೇಳಿದ ಮೊದಲ ಅಭ್ಯರ್ಥಿ ಅವನೇ ಎಂದು ಜನ ಅದನ್ನೇ ದೊಡ್ಡದು ಮಾಡಿಕೊಂಡರು.

ಸೊರಟೂರಿನ ಹುಣಸೆ ಸಾಲಿನಲ್ಲಿ ಕರಿಯವ್ವ ಕೂತಿದ್ದಳು. ಎಂಬತ್ತರ ಆಸುಪಾಸಿನ ಮುದುಕಿ. ಒಂದು ದೊಡ್ಡ ಮರದ ಬೊಡ್ಡೆಗೆ ಬೆನ್ನು ಕೊಟ್ಟು, ಬುಟ್ಟಿಯಲ್ಲಿ ಪೇರಲ ಹಣ್ಣು ಇಟ್ಟುಕೊಂಡು ಬಸ್ಸಿಗೆ ಕಾಯುವವರಿಗೆ ಮಾರುತ್ತಾಳೆ. ಮುದಕಪ್ಪನ ಎತ್ತುಗಳಿಗೆ ನೀರು ಕುಡಿಸಿದ ಕೈ ಅದು. ಹುಚ್ಚೀರಪ್ಪ ಕಾರಿನಿಂದಿಳಿದು ಕಾಲು ಮುಟ್ಟಿದ.

“ತಮ್ಮಾ, ನನಗೇನೂ ಬ್ಯಾಡ. ಮುದುಕರ ಪಗಾರ ಬ್ಯಾಡ, ಮನಿ ಬ್ಯಾಡ,” ಎಂದಳು ಕರಿಯವ್ವ. “ರಸ್ತೆ ಅಗಲ ಮಾಡತಾರಂತ. ಈ ಗಿಡಾ ಕಡೀಗೊಡಬ್ಯಾಡ. ಇಷ್ಟ ಕೇಳತೀನಿ.”

ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೆಸರು. ಹುಚ್ಚೀರಪ್ಪ ತಲೆಯೆತ್ತಿ ನೋಡಿದ. ಜೀವಮಾನವಿಡೀ ಮಲಗಿದ ಮರ ನೋಡಿದವನು. ಎಲೆ ಇರುವ ಮರವನ್ನು ಹೀಗೆ ನಿಂತು ನೋಡಿದ್ದು ಕಡಿಮೆ. ಬಿಸಿಲು ಚೂರುಚೂರಾಗಿ ಮುಖದ ಮೇಲೆ ಬಿತ್ತು. ಅವನಿಗೆ ಯಾಕೋ ಅಪ್ಪನ ನೆನಪಾಯಿತು.

“ಆತು ಯವ್ವಾ,” ಎಂದ.

ಇಡೀ ಚುನಾವಣೆಯಲ್ಲಿ ಅವನು ಆತು ಎಂದದ್ದು ಅದೊಂದಕ್ಕೇ. ಮೊಹಸಿನನಿಗೆ ಅದು ಗೊತ್ತಾದಾಗ ಅವನು ನಗಲಿಲ್ಲ.

ಗೆದ್ದ. ಬೆಂಗಳೂರಿಗೆ ಹೋದ. ಅಲ್ಲಿ ಏನು ನಡೆಯುತ್ತದೆ ಎನ್ನುವುದು ಅವನ ತಲೆಗೆ ಕೊನೆಗೂ ಹತ್ತಲಿಲ್ಲ. ಬೆಳಿಗ್ಗೆ ಕೂಗಾಡಿದವರು ಮಧ್ಯಾಹ್ನ ಒಂದೇ ಟೇಬಲ್ಲಿನಲ್ಲಿ ಹೋಳಿಗೆ ತಿನ್ನುತ್ತಿದ್ದರು. ಕೈ ಎತ್ತಿ ಅಂದಾಗ ಎತ್ತುತ್ತಿದ್ದ, ಇಳಿಸಿ ಅಂದಾಗ ಇಳಿಸುತ್ತಿದ್ದ. ಅಲ್ಲಿ ಎಲ್ಲರೂ ಎಲ್ಲದಕ್ಕೂ ಆತು, ಆಗಲಿ, ಮಾಡೋಣ ಎನ್ನುತ್ತಿದ್ದರು, ಯಾವುದೂ ಆಗುತ್ತಿರಲಿಲ್ಲ, ಅದಕ್ಕೆ ಯಾರೂ ಸಿಟ್ಟಾಗುತ್ತಲೂ ಇರಲಿಲ್ಲ. ಇದು ಅವನಿಗೆ ಎಲ್ಲಕ್ಕಿಂತ ವಿಚಿತ್ರವೆನಿಸಿತು. ಹೊತ್ತು ಹೋಗದಿದ್ದಾಗ ಸಭೆಯ ಮೇಜು ಕುರ್ಚಿಗಳ ಕಟ್ಟಿಗೆ ನೋಡುತ್ತ ಕೂರುತ್ತಿದ್ದ. ಕಟ್ಟಿಗೆಯಾದರೂ ಅರ್ಥವಾಗುತ್ತಿತ್ತಲ್ಲ.

ಊರಲ್ಲಿ ಅವನ ಆಪ್ತ ಸಹಾಯಕನಾಗಿ ಬಂದವನು ಮೌನೇಶ. ಹೆಸರಿಟ್ಟವರು ಏನೆಂದುಕೊಂಡು ಇಟ್ಟರೋ, ಅವನ ಬಾಯಿ ಮುಚ್ಚಿದ್ದನ್ನು ನೋಡಿದವರಿಲ್ಲ. ಸಾಹೇಬರು ಒಂದು ಮಾತು ಹೇಳಿದರೆ ಅದಕ್ಕೆ ತಾನು ಎರಡು ಸೇರಿಸಿ ಮುಂದೆ ದಾಟಿಸುವವನು. ಸಾಹೇಬರ ಮಾತು ಬಹಳ ಬೋಳಾಗಿರುತ್ತದೆ, ತಾನು ಸ್ವಲ್ಪ ಅಂಚು ಕಟ್ಟುತ್ತೇನೆ ಎನ್ನುವುದು ಅವನ ನಂಬಿಕೆ.

ಎರಡನೆಯ ವರ್ಷದ ಬೇಸಿಗೆ. ಶಿರಹಟ್ಟಿಯ ಪ್ರವಾಸಿ ಮಂದಿರದಲ್ಲಿ ರಸ್ತೆ ಕಾಮಗಾರಿಗಳ ಸಭೆ. ಮಂಡ್ಯದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದಿದ್ದ ಇಂಜಿನಿಯರು ಹಾಸಿಗೆಯಷ್ಟು ದೊಡ್ಡ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಗೆರೆ, ಬಾಣ, ಚುಕ್ಕೆ. ಅವರು ಇಪ್ಪತ್ತು ನಿಮಿಷ ವಿವರಿಸಿದರು. ಹುಚ್ಚೀರಪ್ಪನಿಗೆ ಮೊದಲ ಎರಡು ನಿಮಿಷದಲ್ಲೇ ದಾರಿ ತಪ್ಪಿತು. ನಕ್ಷೆಯ ಅಂಚಿನಾಚೆ ಮೇಜು ಕಾಣುತ್ತಿತ್ತು. ಹಳೆಯ ಸಾಗವಾನಿ, ಒಂದೇ ಹಲಗೆ, ಎಲ್ಲೂ ಜೋಡಣೆಯಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಗಂಟು ಇತ್ತು. ಅವನು ಬೆರಳಿನಿಂದ ಗಂಟನ್ನು ಸವರಿದ, ಗಿಣ್ಣಿನಿಂದ ಒಮ್ಮೆ ತಟ್ಟಿದ.

“ಹೆಂಗಿದೆ ಸಾರ್?” ಎಂದರು ಇಂಜಿನಿಯರು.

ಇವನು ಮೇಜಿನಿಂದ ಕಣ್ಣು ತೆಗೆಯದೆ ಹೇಳಿದ: “ಅಡ್ಡಿ ಇಲ್ಲ.”

ಇಂಜಿನಿಯರು ಸಂತೋಷದಿಂದ ನಕ್ಷೆ ಸುತ್ತಿದರು. ಹಿಂದೆಯೇ ಮಿರ್ಚಿ ಭಜಿ ಬಂತು.

ಇದಾಗಿ ತಿಂಗಳು ಕಳೆದಿರಬೇಕು. ಒಂದು ಗುರುವಾರ ಮಧ್ಯಾಹ್ನ ಹುಚ್ಚೀರಪ್ಪ ಶಿರಹಟ್ಟಿಯಿಂದ ಗದಗಿಗೆ ಬರುತ್ತಿದ್ದ. ಸಂಜೆಯ ರೈಲಿಗೆ ಬೆಂಗಳೂರಿಗೆ ಹೋಗಬೇಕಿತ್ತು. ಶುಕ್ರವಾರ ಸದನದಲ್ಲಿ ಮತಕ್ಕೆ ಹಾಕುವುದಿದೆ, ತಪ್ಪಿಸಿದರೆ ಪಕ್ಷದಿಂದ ಹೊರಗೆ ಎಂದು ತಾಕೀತಾಗಿತ್ತು. ಸೊರಟೂರ ಹತ್ತಿರ ಬರುತ್ತಿದ್ದಂತೆ ಕಾರು ನಿಲ್ಲಿಸೆಂದ. ಹುಣಸೆ ಮರಗಳ ಸೊಂಟಕ್ಕೆ ಕೆಂಪು ಬಣ್ಣದಲ್ಲಿ ಅಂಕಿ ಬರೆದಿದ್ದರು. ಒಂದು, ಎರಡು, ಮೂರು… ನಲವತ್ತೆರಡರವರೆಗೆ. ಕಟ್ಟಿಗೆಯವನಿಗೆ ಕೆಂಪು ಅಂಕಿಯ ಅರ್ಥ ಯಾರೂ ಹೇಳಿಕೊಡಬೇಕಿಲ್ಲ.

ಕರಿಯವ್ವನ ಮರಕ್ಕೆ ಹದಿನೇಳನೆಯ ನಂಬರು ಬಿದ್ದಿತ್ತು.

“ತಮ್ಮಾ, ನೀನ ಹೂಂ ಅಂದಿಯಂತಲ್ಲ,” ಎಂದಳು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿದುಕೊಳ್ಳಲು ಕೇಳಿದಂತಿತ್ತು.

“ನಾನಾ? ಯಾವಾಗ? ಯಾರಿಗೆ?” ಹುಚ್ಚೀರಪ್ಪ ಅಲ್ಲೇ ನಿಂತು ಇಂಜಿನಿಯರಿಗೆ ಫೋನು ಹಚ್ಚಿದ.

“ಸಾರ್, ನೀವೇ ಅಡ್ಡಿ ಇಲ್ಲ ಅಂದ್ರಲ್ಲ ಸಾರ್!” ಆ ಕಡೆಯವರಿಗೂ ಗಾಬರಿ. “ಉಳಿದ ಪರ್ಮಿಷನ್ ಎಲ್ಲಾ ಆಗಿತ್ತು. ನಿಮ್ಮ ಮಾತು ಒಂದು ಬಾಕಿ ಇತ್ತು. ‘ಮಾನ್ಯ ಶಾಸಕರು ತಮ್ಮ ಅಡ್ಡಿ ಇಲ್ಲವೆಂದು ತಿಳಿಸಿರುತ್ತಾರೆ’ ಅಂತ ಫೈಲಲ್ಲೇ ಬರ್ದಿದೀನಿ.”

“ನಾ ಎಲ್ರಿ ಅಂದೆ?”

“ಶಿರಹಟ್ಟಿ ಮೀಟಿಂಗಲ್ಲಿ ಸಾರ್. ನಕ್ಷೆ ತೋರಿಸಿ ಹೆಂಗಿದೆ ಅಂತ ಕೇಳ್ದೆ. ಮೇಜು ಕುಟ್ಟಿ ಹೇಳಿದ್ರಿ.”

ಹುಚ್ಚೀರಪ್ಪ ಕಣ್ಣು ಮುಚ್ಚಿದ. ಮೇಜು ಕಂಡಿತು. ಮೂಲೆಯ ಗಂಟೂ ಕಂಡಿತು. ನಕ್ಷೆ ಮಾತ್ರ ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ತಾನು ಹೇಳಿದ್ದು ಮೇಜಿಗೆ ಎಂದು ಈಗ ಹೇಳಲೇ? ಹೇಳಿದರೆ ಯಾರಾದರೂ ನಂಬುವ ಮಾತೇ?

“ಸಾಹೇಬ್ರ, ಆ ಗಿಡಾ ಮುಟ್ಟಬ್ಯಾಡ್ರಿ.”

“ಗಿಡ ಮುಟ್ಟಲ್ಲ ಸಾರ್. ಮರ ಮಾತ್ರ.”

“ಎರಡೂ ಒಂದ ಅಲ್ಲೇನ್ರಿ! ಅಡ್ಡಿ ಐತಿ ಅಂತ ಬರಕೋರಿ. ಈಗ ನಂದು ಅಡ್ಡಿ ಐತಿ.”

ಇಂಜಿನಿಯರು ಒಳ್ಳೆಯವರು. ಬರಹದಲ್ಲಿ ಕೊಡಿ, ನಿಲ್ಲಿಸುತ್ತೇನೆ ಎಂದರು. ಪತ್ರ ಬರುವವರೆಗೆ ಗುತ್ತಿಗೆದಾರನಿಗೂ ನೀವೇ ಒಂದು ಮಾತು ಹೇಳಿಬಿಡಿ, ಆಳು ಗರಗಸ ಎಲ್ಲ ತಂದಿದ್ದಾನೆ ಎಂದೂ ಸೇರಿಸಿದರು. ಹುಚ್ಚೀರಪ್ಪ ಕರಿಯವ್ವನ ಕಡೆ ತಿರುಗಿ, ಆತು ಯವ್ವಾ, ಕಡಿಯೂದು ನಿಂತಂಗ ಎಂದು ಕಾರು ಹತ್ತಿದ. ರೈಲಿಗೆ ಒಂದು ತಾಸು ಉಳಿದಿತ್ತು. ಗದಗಿನಲ್ಲಿ ಪತ್ರಕ್ಕೆ ರುಜು ಹಾಕಿ ಮೌನೇಶನ ಕೈಗೆ ಕೊಟ್ಟ. ಗುತ್ತಿಗೆದಾರನ ಫೋನು ಹತ್ತಲಿಲ್ಲ.

“ಮೆಸೇಜ್ ಹಾಕಿಬಿಡು. ಗಿಡದ ಬಗ್ಗೆ ನಂದು ಅಡ್ಡಿ ಐತಿ ಅಂತ. ಅಷ್ಟ ಹಾಕು,” ಎಂದ ರೈಲಿನ ಬಾಗಿಲಲ್ಲಿ ನಿಂತು.

ಮೌನೇಶ ಅಷ್ಟೇ ಹಾಕುವವನೇ? ‘ಸೊರಟೂರ ಗಿಡಗಳ ಬಗ್ಗೆ: ಸಾಹೇಬರದು ಅಡ್ಡಿ ಐತಿ. ತಾವು ತಿಳಿದವರು, ನೋಡಿಕೊಂಡು ಮಾಡುವುದು’ ಎಂದು ಹಾಕಿ, ಕೆಳಗೆ ಎರಡು ಕೈ ಮುಗಿದ ಚಿತ್ರ ಇಟ್ಟ.

ಗುತ್ತಿಗೆದಾರ ಗದಗಿನವನು. ಮಂಡ್ಯದವನಾಗಿದ್ದರೆ ಮರ ಉಳಿಯುತ್ತಿದ್ದವು. ಗದಗಿನವನಿಗೆ ‘ಸಾಹೇಬರದು ಅಡ್ಡಿ ಐತಿ’ ಎಂದರೆ ಕಣ್ಣ ಮುಂದೆ ಬರುವುದು ಬೆಟಗೇರಿಯ ಹಸಿರು ಬೋರ್ಡು. ಅವನ ಮನೆಯ ಬಾಗಿಲೂ ಅಲ್ಲಿಯದೇ. ಸಾಹೇಬರಿಗೆ ಕಟ್ಟಿಗೆಯ ಅಡ್ಡೆ ಇದೆ, ನೀನು ತಿಳಿದವನು, ನೋಡಿಕೊಂಡು ಮಾಡು. ಇನ್ನೂ ಬಿಡಿಸಿ ಹೇಳಲು ಶಾಸಕರೇನು ಸಣ್ಣ ಮನುಷ್ಯರೇ? ಅವನು ಆ ದಿನವೇ ಇನ್ನೆರಡು ಗರಗಸ ತರಿಸಿದ.

ಶನಿವಾರ ಮಧ್ಯಾಹ್ನ ಬೆಂಗಳೂರಿನ ಶಾಸಕರ ಭವನದಲ್ಲಿ ಊಟಕ್ಕೆ ಕುಳಿತಿದ್ದಾಗ ಮೊಹಸಿನನ ಫೋನು ಬಂತು.

“ಸಾವ್ಕಾರ್ರ, ಹುಣಸಿ ಬಂದೈತಿ.”

“ಚಲೋ ಆತು, ಮನಿಗೆ ಕಳಸು. ಸುಮಿತ್ರಾ ಈ ಸಲ ಹುಣಸಿಹಣ್ಣು ಇಲ್ಲ ಅನ್ನಾಕತ್ತಿದ್ಲು.”

“ಮನಿಗೆ ಹೆಂಗ ಕಳಸೂದ್ರಿ? ನಾಕು ಲಾರಿ ನಿಂತಾವು. ಹಿಂದ ಇನ್ನೂ ಬರಾಕತ್ತಾವಂತ. ನಿಮ್ಮ ಮಾತು ಅಂತ ಅವರು ಹೇಳಾಕತ್ತಾರ.”

ಅನ್ನ ಕೈಯಲ್ಲೇ ಉಳಿಯಿತು.

ಭಾನುವಾರ ಬೆಳಿಗ್ಗೆ ಅವನು ನಿಲ್ದಾಣದಿಂದ ನೇರ ಅಡ್ಡೆಗೆ ಬಂದ. ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ದಿಮ್ಮಿಗಳ ಸಂದಿಯಲ್ಲಿ ಇನ್ನೂ ಹಸಿರು ಎಲೆ ಸಿಕ್ಕಿಕೊಂಡಿದ್ದವು, ಕೊಯ್ದ ಮುಖಗಳು ಒದ್ದೆಯಾಗಿದ್ದವು. ನಲವತ್ತು ವರ್ಷ ಹಸಿ ಕಟ್ಟಿಗೆಯ ವಾಸನೆಯಲ್ಲೇ ಬದುಕಿದವನಿಗೆ ಅಂದು ಅದೇ ವಾಸನೆ ಬೇಡವಾಯಿತು. ಮೊಹಸಿನ ಒಂದೂ ದಿಮ್ಮಿಯನ್ನು ಗರಗಸಕ್ಕೆ ಹಚ್ಚಿರಲಿಲ್ಲ. ಬೋರ್ಡಿನ ಕೆಳಗೆ ಹತ್ತಾರು ಜನ ನಿಂತು ಫೋಟೊ ತೆಗೆಯುತ್ತಿದ್ದರು. ಕಟಗಿ ಅಡ್ಡಿ ಎನ್ನುವ ಅಕ್ಷರ, ಅದರ ಕೆಳಗೆ ಹುಣಸೆಯ ರಾಶಿ. ಮಧ್ಯಾಹ್ನದೊಳಗೆ ಆ ಫೋಟೊ ಲಕ್ಷ್ಮೇಶ್ವರದಿಂದ ಮುಂಡರಗಿಯವರೆಗೆ ಎಲ್ಲರ ಫೋನಿನಲ್ಲಿತ್ತು. ಕಟಗಿ ಸಾವಕಾರ ಕಟಗಿ ಬಿಟ್ಟಾನೇನು ಎಂದು ಜನ ಆಡಿಕೊಂಡರು. ಅವರದೇನು ತಪ್ಪು? ಯಾರಿಗಾದರೂ ಹಾಗೇ ಅನಿಸಬೇಕು.

ಹುಚ್ಚೀರಪ್ಪ ಮೌನೇಶನನ್ನು ಕರೆಸಿದ. ಮೆಸೇಜು ತೋರಿಸು ಎಂದ. ಓದಿದ, ಮತ್ತೆ ಓದಿದ. ತಾನು ಹೇಳಿದ ಮಾತೇ ಇತ್ತು. ಅಡ್ಡಿ ಐತಿ ಎನ್ನುವುದರಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

“ನೀವು ಹೇಳಿದ್ದ ಹಾಕೀನ್ರಿ ಸಾಹೇಬ್ರ,” ಎಂದ ಮೌನೇಶ, ಬೆವರುತ್ತ. “ಮುಂದಿಂದಷ್ಟ ನಂದು.”

ಬೈಯಲು ಬಾಯಿ ತೆರೆದವನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ. ಇಲ್ಲ ಎಂದಾಗ ಕಡಿಯಲು ಅಪ್ಪಣೆಯಾಯಿತು. ಐತಿ ಎಂದಾಗ ಕಡಿದು ಮನೆಗೇ ತಂದು ಹಾಕಿದರು. ಹಾಗಾದರೆ ಉಳಿಸಿ ಎನ್ನಲು ತಾನು ಏನನ್ನಬೇಕಿತ್ತು? ಸುಮ್ಮನೆ ಇದ್ದಿದ್ದರೆ? ಸುಮ್ಮನಿದ್ದರೂ ಏನೋ ಒಂದು ಬರೆದುಕೊಳ್ಳುತ್ತಿದ್ದರು. ಎತ್ತ ಹೊರಳಿದರೂ ಬುಡ ಸಿಗದೆ ಅವನು ಒಂದು ದಿಮ್ಮಿಯ ಮೇಲೆ ಕುಕ್ಕರಿಸಿದ. ಕುಳಿತ ಮೇಲೆ ನೋಡಿದರೆ ಅದರ ಮೇಲೆ ಹದಿನೇಳು ಎಂದು ಕೆಂಪಕ್ಷರದಲ್ಲಿತ್ತು. ಅವನು ತಟ್ಟನೆ ಎದ್ದುಬಿಟ್ಟ.

ಮನೆಯಲ್ಲಿ ಸುಮಿತ್ರವ್ವನ ಮುಂದೆ ಎಲ್ಲ ಹೇಳಿಕೊಂಡ. ಮೇಜಿನಿಂದ ಹಿಡಿದು ಮೆಸೇಜಿನವರೆಗೆ. ಆಕೆ ಮೂವತ್ತೈದು ವರ್ಷದ ಬಾಕಿ ತೀರಿಸಿಕೊಳ್ಳಬಹುದಿತ್ತು. ಆದರೆ ಆಕೆಗೆ ಗಂಡನ ಮುಖ ನೋಡಿ ಅಳು ಬಂತು.

“ನೀವು ಆ ಮುದುಕಿಗೆ ಆತು ಅಂದಿದ್ರೇನು?” ಎಂದು ಕೇಳಿದಳು.

“ಎರಡ ಸಲ ಅಂದೆ.”

ಮೌನೇಶ ಅಂಚೆಗೆ ಹಾಕಿದ್ದ ಪತ್ರ ಸೋಮವಾರ ಇಂಜಿನಿಯರ ಕಚೇರಿ ತಲುಪಿತು. ಅಂಚೆ ಮುದ್ರೆ, ರುಜು ಎಲ್ಲ ಸರಿಯಾಗಿತ್ತು. ಹುಚ್ಚೀರಪ್ಪ ತಾನೇ ಅರಣ್ಯದವರನ್ನು ಕರೆಸಿ ಅಷ್ಟೂ ದಿಮ್ಮಿಗಳನ್ನು ಒಪ್ಪಿಸಿದ. ಇಳಿದ ದಿಮ್ಮಿಗಳು ಮತ್ತೆ ಲಾರಿ ಏರಿದವು. ಹದಿನೇಳನೆಯ ನಂಬರಿನ ಬೊಡ್ಡೆಯಿಂದ ಮೊಳದುದ್ದದ ಒಂದು ತುಂಡನ್ನು ಮಾತ್ರ ರಸೀದಿ ಮಾಡಿಸಿ ಇಟ್ಟುಕೊಂಡ. ಅಧಿಕಾರಿಗಳು ಏತಕ್ಕೆಂದು ಕೇಳಿದರು. ಇವನು ರಸೀದಿ ಮಡಚಿ ಕಿಸೆಗಿಟ್ಟುಕೊಂಡ. ಈಗೀಗ ಅವನಿಗೆ ಮಾತನಾಡಲು ಭಯವಾಗುತ್ತಿತ್ತು.

ಆ ತುಂಡನ್ನು ಮೊಹಸಿನನ ಕೈಗೂ ಕೊಡಲಿಲ್ಲ. ಅಂಗಿ ಕಳಚಿ, ಬನಿಯನ್ನಿನಲ್ಲೇ ಕುಳಿತು, ಉಳಿ ಬಾಚಿ ಹಿಡಿದ. ಬಹಳ ವರ್ಷವಾಗಿತ್ತು, ಅಂಗೈಯಲ್ಲಿ ಗುಳ್ಳೆ ಎದ್ದವು. ಹುಣಸೆ ಹೇಳಿದಂತೆ ಕೇಳುವ ಕಟ್ಟಿಗೆಯಲ್ಲ, ಅದರಲ್ಲೂ ಹಸಿಯದು.

“ಒಣಗಿದ ಮ್ಯಾಲ ಮಾಡ್ರಿ ಸಾವ್ಕಾರ್ರ. ಈಗ ಮಾಡಿದ್ರ ಸೀಳತೈತಿ,” ಎಂದ ಮೊಹಸಿನ.

“ಒಣಗಾಕ ಎರಡ ವರ್ಷ ಬೇಕು. ಆಕೀಗೆ ಎಂಬತ್ತಾಗೇತಿ,” ಎಂದ ಹುಚ್ಚೀರಪ್ಪ.

ನಾಲ್ಕು ಗಿಡ್ಡ ಕಾಲಿನ ಒಂದು ಮಣೆಯಾಯಿತು. ಒಂದು ಬದಿಯಲ್ಲಿ ಕೆಂಪು ಬಣ್ಣದ ಚೂರು ಉಳಿದಿತ್ತು. ಉಜ್ಜಿ ತೆಗೆಯಬೇಕೋ ಬಿಡಬೇಕೋ ತಿಳಿಯದೆ ಬಿಟ್ಟ.

ಮುಂಡರಗಿಯಲ್ಲಿ ಮಧ್ಯಾಹ್ನ ಒಂದು ಕಾರ್ಯಕ್ರಮವಿತ್ತು. ಹುಚ್ಚೀರಪ್ಪ ಸುತ್ತು ದಾರಿ ಹಿಡಿದು ಮೊದಲು ಸೊರಟೂರಿಗೆ ಕಾರು ಹೊಡೆಸಿದ. ಜೊತೆಗೆ ಮೌನೇಶನಿದ್ದ, ಅವನೂ ಈಗ ಕಡಿಮೆ ಮಾತಾಡುತ್ತಿದ್ದ. ರಸ್ತೆ ಬಯಲಾಗಿತ್ತು. ಎಲ್ಲಿಂದ ಎಲ್ಲಿಯವರೆಗೆ ನೋಡಿದರೂ ಒಂದೇ ಬಿಳಿ ಬಿಸಿಲು. ಕರಿಯವ್ವ ಅದೇ ಜಾಗದಲ್ಲಿ, ನೆಲಮಟ್ಟಕ್ಕೆ ಕೊಯ್ದ ಕೊರಡಿನ ಪಕ್ಕ, ಸೆರಗು ತಲೆಯ ಮೇಲೆಳೆದುಕೊಂಡು ಕೂತಿದ್ದಳು. ಬೇರೆ ಕಡೆ ಕೂಡಬಾರದೇ ಎಂದು ಕೇಳಬೇಕೆನಿಸಿತು. ಅದನ್ನು ಕೇಳುವ ಮುಖ ತನಗಿಲ್ಲ ಎಂದೂ ಅನಿಸಿತು.

“ಯವ್ವಾ, ನಾ ಆತು ಅಂದಿದ್ದೆ. ಆಗಲಿಲ್ಲ,” ಎಂದ. ಹೇಗಾಯಿತು ಎಂದು ಹೇಳಲು ಹೊರಟು, ಮೇಜು ಎಂದ, ನಕ್ಷೆ ಎಂದ, ಅಡ್ಡಿ ಎಂದ. ಹೇಳುತ್ತ ಹೇಳುತ್ತ ತನಗೇ ಅದು ಸುಳ್ಳಿನಂತೆ ಕೇಳಿಸಿತು. ನಡುವೆಯೇ ನಿಲ್ಲಿಸಿ ಮಣೆಯನ್ನು ಆಕೆಯ ಮುಂದಿಟ್ಟ. “ನಿನ್ನ ಗಿಡದ್ದ ಐತಿ. ನಾನ ಮಾಡೀನಿ.”

ಕರಿಯವ್ವ ಮಣೆಯನ್ನು ತಿರುವಿ ನೋಡಿದಳು. ಕೆಂಪು ಚೂರಿನ ಮೇಲೆ ಬೆರಳಾಡಿಸಿದಳು. ಒಂದು ಕೈ ನೆಲಕ್ಕೂರಿ ಎದ್ದು, ಮಣೆಯನ್ನು ಕೆಳಗೆ ಸರಿಸಿಕೊಂಡು, ಅದರ ಮೇಲೆ ಕೂತಳು. ಬೆನ್ನು ಅಭ್ಯಾಸದಿಂದ ಹಿಂದಕ್ಕೆ ವಾಲಿತು. ಹಿಂದೆ ಏನೂ ಇರಲಿಲ್ಲ. ಆಕೆ ಸಾವರಿಸಿಕೊಂಡು ಮುಂದಕ್ಕೆ ಬಾಗಿದಳು.

ಹುಚ್ಚೀರಪ್ಪನಿಗೆ ಮತ್ತೇನೂ ತೋಚಲಿಲ್ಲ. “ಹೆಂಗೈತಿ ಯವ್ವಾ?” ಎಂದು ಕೇಳಿಬಿಟ್ಟ.

“ಅಡ್ಡಿ ಇಲ್ಲ,” ಎಂದಳು ಕರಿಯವ್ವ.

ಅವನು ಆಕೆಯ ಮುಖವನ್ನೇ ನೋಡಿದ. ಮಣೆ ಪರವಾಗಿಲ್ಲ ಎಂದಳೇ? ಆದದ್ದು ಆಯಿತು, ನನ್ನ ತಕರಾರಿಲ್ಲ ಎಂದಳೇ? ಅಥವಾ ಇನ್ನು ನಿನ್ನ ದಾರಿಗೆ ಯಾವ ಮರವೂ ಅಡ್ಡಿ ಇಲ್ಲ, ಹೋಗಪ್ಪ ಎಂದಳೇ? ನಲವತ್ತು ವರ್ಷ ದಿನಕ್ಕೆ ನೂರು ಸಲ ಆಡಿದ ಮಾತು. ಈಗ ಬೇರೆಯವರ ಬಾಯಿಂದ ಬಂದಾಗ ಅದರ ತಲೆಬುಡ ಅವನಿಗೆ ತಿಳಿಯಲಿಲ್ಲ. ಕೇಳಬೇಕೆಂದರೆ ಯಾವ ಮಾತಿನಲ್ಲಿ ಕೇಳುವುದು ಎಂದೂ ತಿಳಿಯಲಿಲ್ಲ.

ಕಾರಿನಿಂದ ಮೌನೇಶ ಕೂಗಿದ. ಮುಂಡರಗಿಯಲ್ಲಿ ಜನ ಕಾಯುತ್ತಿದ್ದಾರೆ, ಹೊತ್ತಾಯಿತು ಎಂದ. ಹುಚ್ಚೀರಪ್ಪ ಹೊರಡಲು ಕಾಲೆತ್ತಿದ.

“ತಮ್ಮಾ,” ಎಂದಳು ಕರಿಯವ್ವ, ತಲೆಯೆತ್ತದೆ. ಹಣ್ಣುಗಳನ್ನು ಬುಟ್ಟಿಯ ಒಂದು ಬದಿಗೆ ಒಟ್ಟುಮಾಡುತ್ತಿದ್ದಳು. “ಹೋಗಬ್ಯಾಡ, ಒಂದೀಟು ಈ ಕಡೆ ಸರದು ನಿಂದ್ರು. ಬಸ್ ಬರೂತನಕ. ಹಣ್ಣಿಗೆ ಬಿಸಲು ಬೀಳಾಕತ್ತೈತಿ.”

ಹುಚ್ಚೀರಪ್ಪ ಬುಟ್ಟಿಯನ್ನು ನೋಡಿದ, ನೆಲದ ಮೇಲೆ ಬಿದ್ದಿದ್ದ ತನ್ನ ನೆರಳನ್ನು ನೋಡಿದ. ಎರಡು ಹೆಜ್ಜೆ ಸರಿದು ನಿಂತ.